ಸಾರುವೆಯ ಮರ ಮುರಿಯಿತು: ಮನೆ ಕಟ್ಟಿಸುವವಳು ನಾನು ಏನು ಮಾಡಬೇಕು?

ಪೆರ್ಲದ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳು ನಾನು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಹಳೆಯ ಹಂಚಿನ ಮನೆಯ ಪಕ್ಕದಲ್ಲೇ ಕೆಂಪುಕಲ್ಲಿನ ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದೇನೆ. ಕೆಲಸವನ್ನು ಒಬ್ಬ ಕಂಟ್ರಾಕ್ಟರಿಗೆ ಒಪ್ಪಿಸಿದ್ದೇನೆ. ಕಲ್ಲು ಕಟ್ಟುವವರು ನಮ್ಮ ಊರಿನವರು, ಸಾರಣೆ ಮಾಡುವವರು ಬಂಗಾಳದ ಹುಡುಗರು, ಕಲ್ಲು ಮತ್ತು ಹೊಯಿಗೆ ಹೊರುವವರು ಗದಗದ ಕಡೆಯಿಂದ ಬಂದ ಗಂಡ ಹೆಂಡತಿ.

ಕಳೆದ ಬುಧವಾರ ಸಂಜೆ ನಾಲ್ಕು ಗಂಟೆಗೆ ಎಲ್ಲರಿಗೂ ಚಹಾ ತೆಗೆದುಕೊಂಡು ಹೋಗುತ್ತಿದ್ದೆ. ಕಣ್ಣೆದುರೇ ಸಾರುವೆಯ ಅಡಿಕೆ ಮರ ಮುರಿಯಿತು. ಅದರ ಮೇಲೆ ನಿಂತು ಸನ್‌ಶೇಡಿನ ಮೇಲ್ಗಡೆ ಸಾರಣೆ ಮಾಡುತ್ತಿದ್ದ ಹುಡುಗ ಸನ್‌ಶೇಡಿನ ಅಂಚನ್ನು ಹಿಡಿದುಕೊಂಡು ನೇತಾಡಿದ. ಇಬ್ಬರು ಓಡಿ ಬಂದು ಅವನ ಕಾಲಿಗೆ ಹೆಗಲು ಕೊಟ್ಟು ಇಳಿಸಿದರು. ಮೊಣಕಾಲು ಕೆತ್ತಿ ಹೋಗಿದೆ, ಅಂಗೈ ಸುಲಿದಿದೆ, ಅಷ್ಟೇ. ಕೆಳಗೆ ಸಲಾಕೆಯ ತುಂಡುಗಳು ಮೊನೆ ಮೇಲಾಗಿ ನಿಂತಿದ್ದವು. ಆ ಹುಡುಗನಿಗೆ ಇಪ್ಪತ್ತು ವರ್ಷ ಕೂಡ ಆಗಿರಲಿಕ್ಕಿಲ್ಲ. ನನ್ನ ಕೈಯಲ್ಲಿದ್ದ ಚಹಾದ ಪಾತ್ರೆ ಅಂಗಳಕ್ಕೆ ಬಿತ್ತು.

ಕಂಟ್ರಾಕ್ಟರಿಗೆ ಹೇಳಿದೆ. "ಇದೆಲ್ಲ ಇದ್ದದ್ದೇ ಟೀಚರ್, ನೀವು ತಲೆಬಿಸಿ ಮಾಡಬೇಡಿ" ಎಂದರು. ಮರುದಿನ ಅದೇ ಸಾರುವೆಗೆ ಇನ್ನೊಂದು ಮರ ಕಟ್ಟಿ ಅದೇ ಹುಡುಗನನ್ನು ಹತ್ತಿಸಿದರು. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ನನ್ನ ಮನೆಯ ಗೋಡೆಗಾಗಿ ಒಬ್ಬ ತಾಯಿಯ ಮಗನಿಗೆ ಏನಾದರೂ ಆದರೆ ನಾನು ಆ ಮನೆಯಲ್ಲಿ ಹೇಗೆ ವಾಸ ಮಾಡಲಿ?

ಕೆಲಸ ಗೊತ್ತಿರುವವರು ದಯವಿಟ್ಟು ತಿಳಿಸಿ. ಏನನ್ನು ನೋಡಬೇಕು, ಏನನ್ನು ಕೇಳಬೇಕು, ಯಾವುದಕ್ಕೆ ಹಟ ಹಿಡಿಯಬೇಕು? ಖರ್ಚು ಸ್ವಲ್ಪ ಹೆಚ್ಚಾದರೂ ಕೊಡುತ್ತೇನೆ. ಮಳೆಗಾಲಕ್ಕೆ ಮೊದಲು ಮೇಲಿನ ತಾರಸಿ ಆಗಬೇಕೆಂದು ಅವಸರ ಮಾಡುತ್ತಿದ್ದಾರೆ.

ಬಾಯಾರಿನ ಮೇಸ್ತ್ರಿ

ಟೀಚರ್, ನೀವು ಈ ಪ್ರಶ್ನೆ ಕೇಳಿದ್ದೀರಿ ಎಂಬುದೇ ನನಗೆ ದೊಡ್ಡದು. ಮೂವತ್ತನಾಲ್ಕು ವರ್ಷ ಈ ಕೆಲಸದಲ್ಲಿ ಇದ್ದೇನೆ, ಅದರಲ್ಲಿ ಹದಿನಾರು ವರ್ಷ ಅಬುಧಾಬಿಯಲ್ಲಿ. ಮನೆ ಕಟ್ಟಿಸುವವರು ಕಲ್ಲಿನ ದರ ಕೇಳುತ್ತಾರೆ, ಸಿಮೆಂಟಿನ ಕಂಪೆನಿ ಕೇಳುತ್ತಾರೆ, ಸಾರುವೆಯ ಬಗ್ಗೆ ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಅಬುಧಾಬಿಯಲ್ಲಿ ಇಪ್ಪತ್ತನೇ ಮಾಳಿಗೆಯ ಹೊರಗೋಡೆಗೆ ಕೆಲಸ ಮಾಡಿದ್ದೇನೆ. ಬೆಲ್ಟ್ ಸಿಕ್ಕಿಸದೆ ಒಂದು ಹೆಜ್ಜೆ ಇಟ್ಟರೆ ಆ ದಿನದ ಕೆಲಸ ಹೋಗುತ್ತಿತ್ತು. ಊರಿಗೆ ಬಂದ ಎರಡನೇ ವರ್ಷ ನನ್ನ ಜೊತೆ ಕಲ್ಲು ಕಟ್ಟುತ್ತಿದ್ದವನು ಹನ್ನೊಂದು ಅಡಿಯಿಂದ ಬಿದ್ದು ತೀರಿಕೊಂಡ. ಹನ್ನೊಂದೇ ಅಡಿ. ತಲೆಯ ಹಿಂಭಾಗ ಕಲ್ಲಿನ ಮೂಲೆಗೆ ಬಡಿದಿತ್ತು. ನಮ್ಮ ಊರಿನ ಮನೆ ಕೆಲಸದಲ್ಲಿ ಕೊಲ್ಲುವುದು ಇದೇ ಎತ್ತರ. ನೆಲ ಹತ್ತಿರ ಕಾಣುತ್ತದೆ, ಆದ್ದರಿಂದ ಹೆದರಿಕೆ ಇರುವುದಿಲ್ಲ.

ನಿಮ್ಮ ಸಾರುವೆಯ ವಿಷಯಕ್ಕೆ ಬರುತ್ತೇನೆ. ಅಡಿಕೆ ಮರದ ಗಟ್ಟಿ ಇರುವುದು ಹೊರಗಿನ ಸುತ್ತಿನಲ್ಲಿ, ಒಳಗೆ ಬರೀ ನಾರು ಮತ್ತು ತಿರುಳು. ಒಂದು ಮಳೆಗಾಲ ಹೊರಗೆ ಬಿದ್ದ ಮರದ ಒಳಗೆ ನೀರು ಇಳಿದು ತಿರುಳು ಕೊಳೆಯುತ್ತದೆ, ಗೆದ್ದಲು ಸೇರುತ್ತದೆ. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿ. ಒಳ್ಳೆಯ ಮರ ಟಣ್ ಎನ್ನುತ್ತದೆ, ಕೊಳೆತದ್ದು ಡೊಬ್ ಎನ್ನುತ್ತದೆ. ಮುರಿದ ಮರದ ಜಾಗಕ್ಕೆ ಇನ್ನೊಂದನ್ನು ಕಟ್ಟಿದರು ಎಂದಿರಿ. ಆ ಮರಗಳೆಲ್ಲ ಒಂದೇ ಸಲ ಬಂದವುಗಳಾದರೆ ಒಂದು ಕೆಟ್ಟಿದ್ದರೆ ಎಲ್ಲವೂ ಸಂಶಯದ್ದೇ. ಪೂರ್ತಿ ಬಿಚ್ಚಿಸಬೇಕು. ಕಂಟ್ರಾಕ್ಟರಿಗೆ ಕಬ್ಬಿಣದ ಪೈಪಿನ ಸಾರುವೆಯನ್ನು ಬಾಡಿಗೆಗೆ ತರಲು ಹೇಳಿ, ಆ ಬಾಡಿಗೆಯನ್ನು ನೀವು ಕೊಡಿ. ನೀವು ಹೆಚ್ಚು ಖರ್ಚು ಮಾಡಲು ಸಿದ್ಧ ಎಂದಿರಲ್ಲ, ಮೊದಲ ಖರ್ಚು ಇದು.

ಅದು ಆಗುವುದಿಲ್ಲ ಎಂದಾದರೆ ಇಷ್ಟಕ್ಕಾದರೂ ಹಟ ಹಿಡಿಯಿರಿ. ಕಂಬದ ಬುಡಕ್ಕೆ ಹಲಗೆಯ ತುಂಡು ಇರಬೇಕು, ಹೊಸದಾಗಿ ತುಂಬಿಸಿದ ಮಣ್ಣಿನಲ್ಲಿ ಕಂಬ ಒಂದು ರಾತ್ರಿಯ ಮಳೆಗೆ ಕುಸಿಯುತ್ತದೆ. ತೆಂಗಿನ ನಾರಿನ ಹಗ್ಗ ಒದ್ದೆಯಾಗಿ ಒಣಗುವಾಗ ಸಡಿಲಾಗುತ್ತದೆ, ಪ್ರತಿ ಬೆಳಿಗ್ಗೆ ಗಂಟು ಎಳೆದು ನೋಡದೆ ಯಾರೂ ಹತ್ತಬಾರದು. ನಿಲ್ಲುವ ಜಾಗದಲ್ಲಿ ಒಂದು ಹಲಗೆ ಸಾಲದು. ಒಂದೇ ಹಲಗೆಯ ಮೇಲೆ ನಿಂತವನು ಕರಣೆ ತೆಗೆದುಕೊಳ್ಳಲು ತಿರುಗಿದಾಗಲೇ ಬೀಳುವುದು. ಎರಡು ಅಡಿಯಷ್ಟಾದರೂ ಅಗಲ ಬೇಕು, ಹಲಗೆಯ ಎರಡೂ ತುದಿ ಕಟ್ಟಿರಬೇಕು. ಹೊರಬದಿಗೆ ಸೊಂಟದ ಎತ್ತರದಲ್ಲಿ ಅಡ್ಡಮರ ಒಂದು, ಮೊಣಕಾಲಿನ ಎತ್ತರದಲ್ಲಿ ಇನ್ನೊಂದು. ಬೆಲ್ಟ್ ತಂದುಕೊಡುತ್ತೇನೆ ಎಂದು ನೀವು ಹೇಳಬಹುದು. ಆದರೆ ಅದನ್ನು ಸಿಕ್ಕಿಸುವುದು ಎಲ್ಲಿಗೆ? ಸಾರುವೆಯ ಅಡಿಕೆ ಮರಕ್ಕೇ ಸಿಕ್ಕಿಸಿದರೆ ಮರದ ಜೊತೆಗೇ ಬೀಳುತ್ತಾರೆ. ಗಟ್ಟಿ ಕಾಂಕ್ರೀಟಿನ ಕಂಬವೋ ತೊಲೆಯೋ ಇರುವಲ್ಲಿ ಮಾತ್ರ ಅದರಿಂದ ಪ್ರಯೋಜನ. ನಮ್ಮಂಥ ಮನೆಗೆ ಅಡ್ಡಮರವೇ ಹೆಚ್ಚು ಜೀವ ಉಳಿಸುತ್ತದೆ.

ಕೆಳಗೆ ನಿಂತಿರುವ ಸಲಾಕೆಯ ಮೊನೆಗಳನ್ನು ನಾಳೆಯೇ ಬಗ್ಗಿಸಲಿ, ಇಲ್ಲವೇ ಪ್ಲಾಸ್ಟಿಕ್ ಬಾಟಲಿಯನ್ನು ಕವುಚಿ ಹಾಕಲಿ. ಬಾಟಲಿ ಹಾಕಿದರೆ ನಡೆಯುವವರಿಗೆ ಚುಚ್ಚುವುದು ತಪ್ಪುತ್ತದೆ, ಮೇಲಿನಿಂದ ಬಿದ್ದವನನ್ನು ಅದು ಕಾಯುವುದಿಲ್ಲ. ಆದ್ದರಿಂದ ಬಗ್ಗಿಸುವುದೇ ಸರಿ.

ಇನ್ನೊಂದು ಮುಖ್ಯ ಮಾತು. ಮಳೆಗೆ ಮೊದಲು ತಾರಸಿ ಎಂಬ ಅವಸರ. ಸ್ಲ್ಯಾಬ್ ಹಾಕಿದ ಮೇಲೆ ಸೆಂಟ್ರಿಂಗಿನ ಊರೆಗಳನ್ನು, ಅಂದರೆ ಹಸಿ ಕಾಂಕ್ರೀಟನ್ನು ಹೊತ್ತ ಹಲಗೆಗಳಿಗೆ ಕೆಳಗಿನಿಂದ ಕೊಟ್ಟ ಕಂಬಗಳನ್ನು, ಬೇಗ ಬಿಚ್ಚಿ ಬೇರೆ ಕಡೆಗೆ ಸಾಗಿಸಲು ನೋಡುತ್ತಾರೆ. ನಮ್ಮ ದೇಶದ ಕಾಂಕ್ರೀಟಿನ ಮಾನದಂಡ ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರಿನ ಒಳಗಿನ ಸ್ಲ್ಯಾಬಿನ ಊರೆಗಳಿಗೆ ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ, ಆರು ಮೀಟರ್ ದಾಟಿದ ತೊಲೆಗಳಿಗೆ 21 ದಿನ. ಇದು ಕನಿಷ್ಠ. ನಾನು ಯಾವ ಮನೆಯಲ್ಲೂ 14 ದಿನಕ್ಕೆ ಮೊದಲು ಮುಟ್ಟುವುದಿಲ್ಲ. ಸನ್‌ಶೇಡ್ ಇನ್ನೂ ಅಪಾಯದ್ದು. ಗೋಡೆಯಿಂದ ಹೊರಗೆ ಚಾಚಿದ ಅದನ್ನು ಹಿಡಿದಿಡುವುದು ಅದರ ಬೆನ್ನಿನ ಮೇಲೆ ಬರುವ ಗೋಡೆಯ ಭಾರ. ಮೇಲಿನ ಗೋಡೆ ಏಳುವ ಮೊದಲು ಊರೆ ತೆಗೆದರೆ, ಅಥವಾ ಅದರ ಮೇಲೆ ಕಲ್ಲು ಪೇರಿಸಿದರೆ ಮಗುಚಿಕೊಂಡು ಬರುತ್ತದೆ. ಕೆಂಪುಕಲ್ಲು ಒಂದಕ್ಕೆ 30 ಕಿಲೋ ಆಸುಪಾಸು ಬರುತ್ತದೆ, ಹತ್ತು ಕಲ್ಲು ಇಟ್ಟರೆ ಎಷ್ಟಾಯಿತು ನೋಡಿ.

ಸೀತಾಂಗೋಳಿ ವಯರ್‌ಮನ್

ಮೇಸ್ತ್ರಿಯವರು ಬೀಳುವುದರ ಬಗ್ಗೆ ಪೂರ್ತಿ ಹೇಳಿದ್ದಾರೆ. ನಾನು ಕರೆಂಟಿನ ಬಗ್ಗೆ ಹೇಳುತ್ತೇನೆ ಟೀಚರ್, ಏಕೆಂದರೆ ಮಳೆ ಹತ್ತಿರ ಬಂದಿದೆ.

ನಾಳೆ ಬೆಳಿಗ್ಗೆ ಹೋಗಿ, ಕಲ್ಲು ಕತ್ತರಿಸುವ ಯಂತ್ರಕ್ಕೆ ಕರೆಂಟು ಎಲ್ಲಿಂದ ತೆಗೆದಿದ್ದಾರೆ ಎಂದು ನೋಡಿ. ನಿಮ್ಮ ಹಳೆಯ ಮನೆಯ ಸಾಕೆಟ್‌ನಿಂದ ವಯರು ಎಳೆದು, ಪ್ಲಗ್ಗಿಲ್ಲದೆ ಎರಡು ತುದಿಗಳನ್ನು ಕಡ್ಡಿಯಿಂದ ಸಿಕ್ಕಿಸಿರುವುದನ್ನೇ ನಾನು ಹೆಚ್ಚಿನ ಕಡೆ ಕಂಡಿದ್ದೇನೆ. ಹಳೆಯ ಹಂಚಿನ ಮನೆ ಎಂದಿರಿ. ಅದರ ಬೋರ್ಡಿನಲ್ಲಿ ಬರೀ ಫ್ಯೂಸೋ ಎಂಸಿಬಿಯೋ ಇದ್ದರೆ ಅದು ವಯರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್ಚು. ನಮ್ಮ ಕಡೆ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಅದನ್ನು ಹಾಕಿಸಿ, ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಿ. ಒತ್ತಿದ ಕ್ಷಣ ಆಫ್ ಆಗದಿದ್ದರೆ ಅದು ಕೆಟ್ಟಿದೆ ಎಂದರ್ಥ. ವಯರು ನೆಲದಲ್ಲಿ ನೀರಿನ ಮೇಲೆ ಹರಿದಾಡಬಾರದು, ಗೂಟ ನೆಟ್ಟು ಮೇಲಿನಿಂದ ಎಳೆಯಲಿ. ಟೇಪು ಸುತ್ತಿದ ಜೋಡಣೆಗಳಿದ್ದರೆ ಹೊಸ ವಯರು ತನ್ನಿ. ಕಾಂಕ್ರೀಟಿಗೆ ಹಾಕುವ ವೈಬ್ರೇಟರನ್ನು ಒದ್ದೆ ಕೈ, ಒದ್ದೆ ಕಾಲಿನಲ್ಲಿ ಹಿಡಿದಿರುತ್ತಾರೆ, ಅದಕ್ಕೆ ಅರ್ತಿಂಗ್ ಇರಲೇಬೇಕು.

ನಿಮ್ಮ ಮನೆಯ ಹತ್ತಿರ ಲೈನ್ ಹೋಗುತ್ತದೆಯೇ? 11 ಕೆವಿ (ಹನ್ನೊಂದು ಸಾವಿರ ವೋಲ್ಟಿನ) ಲೈನಿನಿಂದ ಕಟ್ಟಡಕ್ಕೆ ಅಡ್ಡವಾಗಿ 1.2 ಮೀಟರ್, ಮೇಲ್ಭಾಗಕ್ಕೆ 3.7 ಮೀಟರ್ ಅಂತರ ಬಿಡಬೇಕೆಂದು ನಿಯಮ. ಆದರೆ ಈ ಅಂತರ ನಿಂತಿರುವ ಗೋಡೆಗೆ ಸಾಕು, ಓಡಾಡುವ ಕಬ್ಬಿಣಕ್ಕೆ ಸಾಲದು. ಸಲಾಕೆ ಬರುವುದು 12 ಮೀಟರ್ ಉದ್ದದಲ್ಲಿ. ತಾರಸಿಯ ಮೇಲೆ ಹೆಗಲಿಗಿಟ್ಟು ಒಬ್ಬ ತಿರುಗಿದರೆ ಅದರ ಹಿಂದಿನ ತುದಿ ಎಲ್ಲಿಗೆ ಹೋಯಿತು ಎಂದು ಅವನಿಗೆ ಕಾಣುವುದಿಲ್ಲ. ತೋಟದಲ್ಲಿ ಅಲ್ಯೂಮಿನಿಯಂ ಏಣಿ, ಕೊಕ್ಕೆಗಳಿಂದ ನಮ್ಮ ಊರಿನಲ್ಲಿ ಆಗುವ ಅನಾಹುತ ನಿಮಗೆ ಗೊತ್ತಿರುವುದೇ, ಇದೂ ಅದೇ. ಲೈನಿನ ಬದಿಯಲ್ಲಿ ಸಲಾಕೆ ಎತ್ತುವ ದಿನ ವಿದ್ಯುತ್ ಕಚೇರಿಗೆ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸಿ. ಅದಕ್ಕೆ ಅರ್ಜಿ ಬರೆಯುವುದು ನಿಮಗೆ ಕಷ್ಟವಲ್ಲ.

ಯಾರಿಗಾದರೂ ಶಾಕ್ ತಗಲಿದರೆ ಹಿಡಿದೆಳೆಯಲು ಓಡಬೇಡಿ, ಮೊದಲು ಮೈನ್ ಆಫ್ ಮಾಡಿ. ಮೈನ್ ಎಲ್ಲಿದೆ ಎಂದು ಆ ಬಂಗಾಳದ ಹುಡುಗರಿಗೂ ಇವತ್ತೇ ತೋರಿಸಿಡಿ.

ಬದಿಯಡ್ಕದ ನರ್ಸ್

ಟೀಚರ್, ನಾನು ಸರಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್. ಬಿದ್ದವರನ್ನು ಎಲ್ಲರೂ ಆಸ್ಪತ್ರೆಗೆ ತರುತ್ತಾರೆ. ನಿಧಾನವಾಗಿ ಕಾಯಿಲೆ ಬೀಳುವವರು ನಮ್ಮ ಬಳಿಗೆ ಬರುವಾಗ ತುಂಬ ತಡವಾಗಿರುತ್ತದೆ.

ಸಿಮೆಂಟು ಸುಡುತ್ತದೆ. ಇದನ್ನು ಹೇಳಿದರೆ ಕೆಲಸದವರೇ ನಂಬುವುದಿಲ್ಲ, ಏಕೆಂದರೆ ತಾಗಿದಾಗ ಉರಿಯುವುದಿಲ್ಲ. ಹಸಿ ಸಿಮೆಂಟಿನಲ್ಲಿ ಸುಣ್ಣದಂಥ ಕ್ಷಾರ ಇರುತ್ತದೆ. ನೆಲ ಸಾರಿಸುವವನು ಮಧ್ಯಾಹ್ನವೆಲ್ಲ ಅದರಲ್ಲಿ ಮೊಣಕಾಲೂರಿ ಕುಳಿತಿದ್ದು, ಸಂಜೆ ಸ್ನಾನಕ್ಕೆ ಹೋದಾಗ ಚರ್ಮ ಕಳಚಿ ಬರುತ್ತದೆ. ಕಳೆದ ತಿಂಗಳು ಒಬ್ಬರು ಹೀಗೆಯೇ ಬಂದರು, ಗಾಯದ ಮೇಲೆ ತೆಂಗಿನೆಣ್ಣೆ ಹಚ್ಚಿಕೊಂಡಿದ್ದರು. ಮೊದಲು ಬೇಕಾಗಿರುವುದು ಎಣ್ಣೆಯಲ್ಲ, ನೀರು. ಹರಿಯುವ ಶುದ್ಧ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದರೂ ಅಲ್ಲಿಯೇ, ಆ ಕ್ಷಣವೇ ತೊಳೆಯಲು ಶುರು ಮಾಡಬೇಕು. ಆಸ್ಪತ್ರೆಗೆ ಹೋಗಿ ತೊಳೆಸೋಣ ಎಂದು ಆಟೋ ಹುಡುಕುತ್ತಾ ಕಳೆದ ಅರ್ಧ ಗಂಟೆಯಲ್ಲಿ ಕಣ್ಣು ಹೋಗಬಹುದು. ರಬ್ಬರ್ ಕೈಗವಸು ಮತ್ತು ಗಂಬೂಟು ತಂದುಕೊಡಿ. ಬೂಟಿನ ಒಳಗೆ ಸಿಮೆಂಟು ನೀರು ಹೋದರೆ ಕೂಡಲೇ ಕಳಚಿ ತೊಳೆಯಬೇಕು. ಕೆಲವರಿಗೆ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ಸಿಮೆಂಟಿನಲ್ಲಿರುವ ಕ್ರೋಮಿಯಂ ಅಲರ್ಜಿಯಾಗಿ ಕೈ ಬಿರಿಯುತ್ತದೆ. ಒಮ್ಮೆ ಆ ಅಲರ್ಜಿ ಬಂದರೆ ಮತ್ತೆ ಸಿಮೆಂಟು ಮುಟ್ಟುವುದೇ ಕಷ್ಟ.

ದೂಳಿನ ವಿಷಯ ನನಗೆ ಇನ್ನೂ ಸಂಕಟದ್ದು. ಕಲ್ಲು ಕತ್ತರಿಸುವವರು ಮೂಗಿಗೆ ಬೈರಾಸು ಸುತ್ತಿಕೊಳ್ಳುತ್ತಾರೆ. ಕಣ್ಣಿಗೆ ಕಾಣುವ ದೂಳನ್ನು ಅದು ತಡೆಯುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯುವ ನಯವಾದ ಸಿಲಿಕಾ ದೂಳನ್ನು ತಡೆಯುವುದಿಲ್ಲ. ಕೆಂಪುಕಲ್ಲಿಗಿಂತ ಕರಿಕಲ್ಲು, ಕಾಂಕ್ರೀಟು, ಟೈಲ್ಸ್ ಕತ್ತರಿಸುವಾಗ ಸಿಲಿಕಾ ಹೆಚ್ಚು. ಸಿಲಿಕೋಸಿಸ್ ಬಂದರೆ ಹಿಂದಿನ ಶ್ವಾಸಕೋಶವನ್ನು ಮರಳಿ ಕೊಡುವ ಮದ್ದಿಲ್ಲ, ಅಂಥವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮುವವರು ಇದ್ದರೆ ನಮ್ಮಲ್ಲಿಗೆ ಕಳುಹಿಸಿ, ಕಫ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಟೈಲ್ಸ್ ಹಾಕುವ ಹಂತ ಬಂದಾಗ ನೀರು ಬಿಟ್ಟುಕೊಂಡೇ ಕತ್ತರಿಸಬೇಕು ಎಂದು ಷರತ್ತು ಹಾಕಿ. ಒಳಕೋಣೆಯಲ್ಲಿ ಬಾಗಿಲು ಮುಚ್ಚಿ ಕತ್ತರಿಸಲು ಬಿಡಲೇಬೇಡಿ. ಎನ್95 ಮಾಸ್ಕ್ ಮೂಗಿಗೆ ಬಿಗಿಯಾಗಿ ಕೂರಬೇಕು. ನೀರು ಹಾಕುವ ಯಂತ್ರಕ್ಕೆ ವಯರ್‌ಮನ್ ಅಣ್ಣ ಹೇಳಿದ ಇಎಲ್‌ಸಿಬಿ ಇನ್ನಷ್ಟು ಅಗತ್ಯ.

ಸೆಂಟ್ರಿಂಗ್ ಹಲಗೆಯ ಮೊಳೆ ಚಪ್ಪಲಿ ದಾಟಿ ಕಾಲಿಗೆ ನಾಟುವುದು ಪ್ರತಿ ವಾರದ ಕತೆ. ಆಳದ ಕೊಳಕು ಗಾಯವಾದರೆ, ಕೊನೆಯ ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ಕಳೆದಿದ್ದರೆ ಮತ್ತೆ ಹಾಕಿಸಬೇಕು. ಆ ಹುಡುಗನ ಮೊಣಕಾಲಿನ ಗಾಯಕ್ಕೆ ಹಾಕಿಸಿದ್ದೀರಾ? ಇಲ್ಲವಾದರೆ ಇವತ್ತೇ ಕಳುಹಿಸಿ. ಮಳೆ ಬಂದ ಮೇಲೆ ಅಡಿಪಾಯದ ಹೊಂಡದ ನೀರಿನಲ್ಲಿ ಬರಿಗಾಲಲ್ಲಿ ಇಳಿಯುವವರಿಗೆ ಇಲಿಜ್ವರದ ಭಯವಿದೆ. ಅದಕ್ಕೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ನಮ್ಮ ವೈದ್ಯರಲ್ಲಿ ಕೇಳಲಿ.

ದೇವರು ಆ ದಿನ ತರದಿರಲಿ, ಯಾರಾದರೂ ಎತ್ತರದಿಂದ ಬಿದ್ದರೆ ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಬೇಡಿ. ಕುತ್ತಿಗೆ, ಬೆನ್ನುಹುರಿಗೆ ಪೆಟ್ಟಾಗಿದ್ದರೆ ಎತ್ತಿದ ರೀತಿಯಿಂದಲೇ ಮನುಷ್ಯ ಜೀವಮಾನವಿಡೀ ಹಾಸಿಗೆ ಹಿಡಿಯುತ್ತಾನೆ. ತಲೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ. ನಮ್ಮಲ್ಲಿ ದೊಡ್ಡ ಪೆಟ್ಟುಗಳಿಗೆ ಮಂಗಳೂರಿಗೇ ಹೋಗಬೇಕಾಗುತ್ತದೆ, ಅಷ್ಟು ದೂರದ ದಾರಿಯಲ್ಲಿ ಸರಿಯಾಗಿ ಮಲಗಿಸಿರುವುದು ತುಂಬ ಮುಖ್ಯ.

ಗದಗದವನು, ಈಗ ಕುಂಬಳೆ

ಟೀಚರ್, ನಾನೂ ನನ್ನ ಹೆಂಡತಿಯೂ ಒಂಬತ್ತು ವರ್ಷದಿಂದ ಈ ಕಡೆ ಕಾಂಕ್ರೀಟು ಕೆಲಸ ಮಾಡುತ್ತಿದ್ದೇವೆ. ನಿಮ್ಮಲ್ಲಿ ಕಲ್ಲು ಹೊರುವವರು ನಮ್ಮ ಕಡೆಯವರು ಎಂದು ಓದಿ ಬರೆಯುತ್ತಿದ್ದೇನೆ.

ಆ ಅಕ್ಕನಿಗೆ ಶೌಚಕ್ಕೆ ಎಲ್ಲಿ ಹೋಗಬೇಕು ಎಂದು ಯಾರಾದರೂ ತೋರಿಸಿದ್ದಾರೆಯೇ? ಇದನ್ನು ಯಾರೂ ಅಪಾಯ ಎಂದು ಎಣಿಸುವುದಿಲ್ಲ. ನನ್ನ ಹೆಂಡತಿ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಸಂಜೆ ಬರುವವರೆಗೆ ನೀರು ಕುಡಿಯುತ್ತಿರಲಿಲ್ಲ, ಹೋಗಲು ಜಾಗ ಇಲ್ಲ ಎಂದು. ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳಿನಲ್ಲಿ ಬಾಣಲಿ ಹೊತ್ತುಕೊಂಡೇ ತಲೆ ತಿರುಗಿ ಬಿದ್ದಳು. ಮೂತ್ರದ ಸೋಂಕು ಕಿಡ್ನಿಯವರೆಗೆ ಹೋಗಿತ್ತು. ನಾಲ್ಕು ದಿನ ಆಸ್ಪತ್ರೆ, ಹದಿನೈದು ದಿನ ಕೂಲಿ ಇಲ್ಲ. ನಿಮ್ಮ ಹಳೆಯ ಮನೆಯ ಬಚ್ಚಲನ್ನು ಆ ಅಕ್ಕನಿಗೆ ತೋರಿಸಿ, ನೀವೇ ಬಾಯಿಬಿಟ್ಟು ಹೇಳಿ. ಹೇಳದೆ ಅವರು ಎಂದೂ ಕೇಳುವುದಿಲ್ಲ.

ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂದು ಕೇರಳ ಸರಕಾರದ ಆದೇಶ ಬರುತ್ತದೆ. ಮನೆ ಕೆಲಸಗಳಲ್ಲಿ ಅದು ನಮಗೆ ಗೊತ್ತೇ ಆಗುವುದಿಲ್ಲ, ಮಲಯಾಳ ಪತ್ರಿಕೆ ಓದಲು ನಮಗೆ ಬರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರೆ ನೀರು ತುಂಬಿಸಿಡುವ ತೊಟ್ಟಿಗೆ ಮುಚ್ಚಳ ಹಾಕಿಸಿ. ಮಗು ಮುಳುಗಲು ಎರಡು ಅಡಿ ನೀರು ಸಾಕು.

ಕೇರಳದ ಕಟ್ಟಡ ಕಾರ್ಮಿಕರ ಕ್ಷೇಮನಿಧಿಗೆ 18ರಿಂದ 60 ವರ್ಷದವರು, ವರ್ಷದಲ್ಲಿ 90 ದಿನ ಈ ಕೆಲಸ ಮಾಡಿದವರು ಸೇರಬಹುದು. ನಮ್ಮಂಥ ಹೊರರಾಜ್ಯದವರಿಗೆ 2017ರಲ್ಲಿ ಆವಾಸ್ ಎಂಬ ವಿಮೆಯನ್ನು ಆರಂಭಿಸಿದ್ದರು. ನನಗೆ ಇದನ್ನು ಮಾಡಿಸಿಕೊಟ್ಟದ್ದು ಕುಂಬಳೆಯ ಒಬ್ಬ ಅಂಗಡಿಯವರು, ಕೂತು ಅರ್ಜಿ ತುಂಬಿಸಿದರು. ಬ್ಯಾಂಕ್ ಖಾತೆ ಇದ್ದರೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆಯೂ ಇದೆ, ಅಪಘಾತದಲ್ಲಿ ಸತ್ತರೆ 2 ಲಕ್ಷ ಬರುತ್ತದೆ. ನೀವು ಟೀಚರ್ ಆಗಿದ್ದವರು. ನಿಮ್ಮ ಕೆಲಸದವರ ಅರ್ಜಿ ತುಂಬಿಸಿಕೊಟ್ಟರೆ ಅವರು ಮರೆಯುವುದಿಲ್ಲ.

ಪೆರ್ಲದ ಟೀಚರ್

ನೀವೆಲ್ಲರೂ ಬರೆದದ್ದನ್ನು ಎರಡು ಸಲ ಓದಿದೆ, ನೋಟ್ ಪುಸ್ತಕದಲ್ಲಿ ಬರೆದುಕೊಂಡೆ.

ಗದಗದ ತಮ್ಮಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಒಂದೂವರೆ ತಿಂಗಳಿನಿಂದ ಆ ಹೆಣ್ಣುಮಗಳು ನನ್ನ ಅಂಗಳದಲ್ಲೇ ಇದ್ದಾಳೆ, ನಾನು ಚಹಾ ಕೊಟ್ಟಿದ್ದೇನೆ, ಇದನ್ನು ಮಾತ್ರ ಕೇಳಿರಲಿಲ್ಲ. ಇವತ್ತು ಹೇಳಿದೆ. ಅವಳು ತೋಟದ ಆಚೆ ಬದಿಗೆ ಹೋಗುತ್ತಿದ್ದಳಂತೆ. ಹಾವಿರುವ ಜಾಗ ಅದು. ಇಬ್ಬರ ಆಧಾರ್ ಕಾರ್ಡೂ ಪಾಸ್ ಪುಸ್ತಕವೂ ನಾಳೆ ತರುತ್ತಾರೆ.

ಹುಡುಗನಿಗೆ ಚುಚ್ಚುಮದ್ದು ಹಾಕಿಸಿ ಆಯಿತು. ವಯರು ನೋಡಿದೆ, ಕಡ್ಡಿ ಸಿಕ್ಕಿಸಿಯೇ ಇದ್ದರು. ಇಎಲ್‌ಸಿಬಿಗೆ ಹೇಳಿದ್ದೇನೆ. ಕಂಟ್ರಾಕ್ಟರು ಪೈಪಿನ ಸಾರುವೆಗೆ ಒಪ್ಪಿದರು, ಆದರೆ ಬರಲು ಒಂದು ವಾರ ಬೇಕಂತೆ. ಅಲ್ಲಿಯವರೆಗೆ ಮನೆಯ ಹಿಂದೆ ಹೊಸ ಶೌಚಗುಂಡಿ ತೋಡಿಸುತ್ತೇನೆ ಎಂದಿದ್ದಾರೆ. ಹಳೆಯ ಗುಂಡಿಯಿಂದ ಆರು ಅಡಿ ದೂರದಲ್ಲಿ, ಹತ್ತು ಅಡಿ ಆಳ. ಇದರಲ್ಲಿ ಹೆದರುವಂಥದ್ದೇನೂ ಇಲ್ಲವಲ್ಲ ಮೇಸ್ತ್ರಿಯವರೇ?

ಬಾಯಾರಿನ ಮೇಸ್ತ್ರಿ

ಟೀಚರ್, ದಯವಿಟ್ಟು ಗುಂಡಿಗೆ ಯಾರನ್ನೂ ಇಳಿಸಬೇಡಿ. ಸಾರುವೆಗಿಂತ ದೊಡ್ಡ ಅಪಾಯ ಇದು.

ನನ್ನ ಅಪ್ಪ ನೀರಿಗಾಗಿ ಗುಡ್ಡದೊಳಗೆ ಸುರಂಗ ತೋಡುವವರಾಗಿದ್ದರು. ಬಾಯಾರು ಗುಡ್ಡೆಯಲ್ಲಿ ಅವರು ತೋಡಿದ ಸುರಂಗದ ನೀರನ್ನು ಇವತ್ತಿಗೂ ಜನ ಕುಡಿಯುತ್ತಾರೆ. ಒಳಗೆ ಹೋಗುವಾಗ ಮೊಂಬತ್ತಿ ಹಚ್ಚಿಕೊಂಡು ಹೋಗುತ್ತಿದ್ದರು. ಉರಿ ಸಣ್ಣದಾದರೆ ಗಾಳಿ ಸಾಲದು ಎಂದು ತಿಳಿದು ಹಿಂದೆ ಬರುತ್ತಿದ್ದರು. ಆದರೆ ಶೌಚಗುಂಡಿಯ ಹತ್ತಿರ ಮೊಂಬತ್ತಿಯ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಹತ್ತಿ ಉರಿಯುವ ಅನಿಲ ಇರುತ್ತದೆ. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ. ಅದು ಹೆಚ್ಚಾದರೆ ಮೂಗೇ ಸತ್ತುಹೋಗಿ ವಾಸನೆ ತಿಳಿಯುವುದಿಲ್ಲ. ಒಬ್ಬ ಒಳಗೆ ಬಿದ್ದ ಎಂದು ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಎತ್ತಲು ಮೂರನೆಯವನು. ಒಂದೇ ಗುಂಡಿಯಿಂದ ಮೂರು ಹೆಣ ಬರುವುದು ಹೀಗೆ. ಆರು ಅಡಿ ದೂರದಲ್ಲಿ ಹಳೆಯ ಗುಂಡಿ ತುಂಬಿರುವಾಗ ಅದರ ಒಸರು ಮತ್ತು ಅನಿಲ ಹೊಸ ಗುಂಡಿಗೆ ಬರುವುದಿಲ್ಲ ಎಂದು ಯಾರೂ ಹೇಳಲಾರರು. ನಡುವಿನ ಮಣ್ಣು ಜರಿದರೆ ಹಳೆಯ ಗುಂಡಿಯೇ ಒಳಗೆ ನುಗ್ಗುತ್ತದೆ.

ಮಣ್ಣಿನ ಮಾತೂ ಇದೆ. ನಮ್ಮಲ್ಲಿ ಮೇಲೆ ಕೆಂಪುಕಲ್ಲು ಗಟ್ಟಿ ಇರುತ್ತದೆ, ಅದರ ಕೆಳಗೆ ಮೆತ್ತಗಿನ ಶೇಡಿಮಣ್ಣು ಸಿಕ್ಕಿದರೆ ನೀರು ತಾಗಿದ ಕೂಡಲೇ ಜಾರುತ್ತದೆ. ಒಂದು ಘನ ಮೀಟರ್ ಮಣ್ಣೆಂದರೆ ಒಂದೂವರೆ ಟನ್ನಿಗೂ ಹೆಚ್ಚು ಭಾರ. ಎದೆಯವರೆಗೆ ಹೂತರೂ ಉಸಿರೆಳೆಯಲು ಆಗುವುದಿಲ್ಲ. ತೋಡಿದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕುವುದಂತೂ ಬೇಡವೇ ಬೇಡ.

ಗುಂಡಿಯನ್ನು ದೂರ ಒಯ್ಯಬೇಕು, ಜೆಸಿಬಿಯಿಂದ ತೋಡಿಸಬೇಕು, ಮನುಷ್ಯರು ಇಳಿಯದೆ ಸಿಮೆಂಟ್ ಬಳೆಗಳನ್ನು ಮೇಲಿನಿಂದಲೇ ಇಳಿಸಬೇಕು. ಜಾಗ ನೋಡದೆ ಇನ್ನು ಹೆಚ್ಚು ಹೇಳುವುದು ಸರಿಯಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನೇ ಪೆರ್ಲಕ್ಕೆ ಬರುತ್ತೇನೆ. ನಿಮ್ಮ ಕಂಟ್ರಾಕ್ಟರನ್ನೂ ಬರಲು ಹೇಳಿ, ಜಗಳಕ್ಕಲ್ಲ, ಒಟ್ಟಿಗೆ ನೋಡೋಣ. ಅಲ್ಲಿಯವರೆಗೆ ಸಾರುವೆಯ ಬುಡಕ್ಕೆ ಅಡ್ಡ ಹಗ್ಗ ಕಟ್ಟಿ, ಯಾರೂ ಹತ್ತದಿರಲಿ. ಆ ಹುಡುಗರ ಎರಡು ದಿನದ ಕೂಲಿ ತಪ್ಪದಂತೆ ಕೆಳಗೆ ಹೊಯಿಗೆ ಜರಡಿ ಹಿಡಿಯುವ ಕೆಲಸ ಕೊಡಿ.

ಪೆರ್ಲದ ಟೀಚರ್

ಹಗ್ಗ ಕಟ್ಟಿದೆ ಮೇಸ್ತ್ರಿಯವರೇ. ಗುಂಡಿಯ ಕೆಲಸ ನಿಲ್ಲಿಸಿದ್ದೇನೆ. ಭಾನುವಾರ ಪೆರ್ಲ ಪೇಟೆಯಲ್ಲಿ ಇಳಿದು ಫೋನ್ ಮಾಡಿ, ಆ ಬಂಗಾಳದ ಹುಡುಗನೇ ನಿಮ್ಮನ್ನು ಕರೆದುಕೊಂಡು ಬರಲು ಬರುತ್ತಾನಂತೆ. ಬೆಳಗಿನ ತಿಂಡಿ ನಮ್ಮಲ್ಲೇ.